ಬಟ್‌ಮಣಿದರ್ಪಣಂ: ಇಂಗ್ಲಿಷ್ ಕಂಜಂಕ್ಷನ್ನುಗಳಿಗೊಂದು ಕನ್ನಡ ಭಾಷ್ಯ

ಪೀಠಿಕೆ

‘ಶಬ್ದಮಣಿದರ್ಪಣ’ದ ಕರ್ತೃ ಕೇಶಿರಾಜ ಸಂಧಿ ಪ್ರಕರಣದಿಂದ ಹೊರಟು ಜೋಡಿಸುವ ಪದಗಳೂ ಸೇರುವ ಅವ್ಯಯ ಪ್ರಕರಣವನ್ನು ಕಟ್ಟಕಡೆಗೆ ಇಟ್ಟ. ಹದಿಮೂರನೆಯ ಶತಮಾನದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳು ಇರಲಿಲ್ಲವಾದ್ದರಿಂದ ಅವನ ಈ ತಪ್ಪನ್ನು ಮನ್ನಿಸಬೇಕು. ಇಂದಿನ ಕನ್ನಡಿಗ ಇಂಗ್ಲಿಷಿನ ನಾಮಪದ, ಕ್ರಿಯಾಪದಗಳನ್ನು ಕಲಿಯುವ ಎಷ್ಟೋ ಮುಂಚೆ ಬಟ್, ಸೋ, ಬಿಕಾಸ್‌ಗಳನ್ನು ಕರಗತ ಮಾಡಿಕೊಂಡಿರುತ್ತಾನೆ. ಜೋಡಿಸುವ ಪದಗಳು ಸಿದ್ಧವಾಗಿವೆ, ಜೋಡಿಸಬೇಕಾದ ವಾಕ್ಯಗಳಷ್ಟೇ ಬರಬೇಕು. ಈ ವಿದ್ಯಮಾನವನ್ನು ಸೂತ್ರ, ವೃತ್ತಿ, ಪ್ರಯೋಗಗಳ ಪ್ರಾಚೀನ ಕ್ರಮದಲ್ಲೇ ನಿರೂಪಿಸುತ್ತೇವೆ.

ಸೂತ್ರ 1: ಒಂದು ಸಾಲದು, ಎರಡಿರಲಿ.

ವೃತ್ತಿ: ಇಂಗ್ಲಿಷ್ ಕಂಜಂಕ್ಷನ್ ಕನ್ನಡದ ವಾಕ್ಯದೊಳಗೆ ಒಂಟಿಯಾಗಿ ಕಾಲಿಡದು, ಇಲ್ಲಿಯ ಸಂಬಂಧಿಕರೊಬ್ಬರನ್ನು ಜೊತೆಗೆ ಕರೆದುಕೊಂಡೇ ಬರುತ್ತದೆ.

ಪ್ರಯೋಗ: “ಬಟ್ ಆದ್ರೆ ಅವ್ರು ಬರ್ಲೇ ಇಲ್ಲ.” “ಸೋ ಅದಕ್ಕೇ ಹೇಳಿದ್ದು.” “ಬಿಕಾಸ್ ಯಾಕಂದ್ರೆ ಅವತ್ತು ರಜಾ ಇತ್ತು.”

ಅರಿಯದವರು ಇದನ್ನು ಪುನರುಕ್ತಿ ಎನ್ನುವರು. ಟೀವಿ ಚರ್ಚೆ ನೋಡಿದವರಿಗೆ ಮರ್ಮ ತಿಳಿದೀತು. ‘ಬಟ್’ ಎಂದಾಗ ಎದುರಾಳಿಯ ಬಾಯಿ ಮುಚ್ಚುತ್ತದೆ, ‘ಆದ್ರೆ’ ಎನ್ನುವಷ್ಟರಲ್ಲಿ ತಾನು ಹೇಳಬೇಕಾದ್ದು ಏನೆಂದು ಹೊಳೆಯುತ್ತದೆ. ಎರಡಕ್ಕೂ ಬೇರೆಬೇರೆ ಕೆಲಸವಿದೆ.

ಸೂತ್ರ 2: ಆಲ್ದೋ ಇದ್ದಲ್ಲಿ ಬಟ್ ಇರತಕ್ಕದ್ದು.

ವೃತ್ತಿ: ‘ಆಲ್ದೋ’ ಬಂದ ವಾಕ್ಯದಲ್ಲಿ ಮತ್ತೆ ‘ಬಟ್’ ಸಲ್ಲದೆಂಬುದು ಇಂಗ್ಲಿಷರ ಮತ. “ಮಳೆ ಬಂದರೂ ಹೋದೆ” ಎಂದು ಕ್ರಿಯಾಪದದ ಬಾಲಕ್ಕೊಂದು ‘ಊ’ ಅಂಟಿಸಿ ಕೈತೊಳೆದುಕೊಳ್ಳುವವರು ನಾವು. ಇಂಗ್ಲಿಷಿನಲ್ಲಾದರೋ ಮಳೆ ಬರುವ ಮೊದಲೇ ‘ಆಲ್ದೋ’ ಎಂದು ಕೊಡೆ ಬಿಚ್ಚಬೇಕು. ಮಳೆಯ ವರ್ಣನೆಯೆಲ್ಲ ಮುಗಿದು ವಾಕ್ಯದ ನಡುವಿಗೆ ಬರುವಾಗ ಕೊಡೆ ಬಿಚ್ಚಿದ್ದು ಯಾರಿಗೆ ನೆನಪಿರುತ್ತದೆ? ಇರಲಿ ಎಂದು ಇನ್ನೊಂದನ್ನು ಬಿಚ್ಚುವುದು ಮುಂಜಾಗ್ರತೆ, ದೋಷವಲ್ಲ.

ಸೂತ್ರ 3: ಪರೀಕ್ಷೆಯಲ್ಲಿ ಹುಟ್ಟಿದ್ದು ಪರೀಕ್ಷೆಯಲ್ಲೇ ಲೀನವಾಗುವುದು.

ವೃತ್ತಿ: ‘ನೋ ಸೂನರ್’ ಬಂದರೆ ‘ದ್ಯಾನ್’, ‘ಹಾರ್ಡ್ಲಿ’ ಬಂದರೆ ‘ವೆನ್’, ‘ಲೆಸ್ಟ್’ ಬಂದರೆ ‘ಶುಡ್’. ಈ ದಂಪತಿಗಳನ್ನು ಪ್ರಶ್ನೆಪತ್ರಿಕೆಯ ಹೊರಗೆ, ಬಸ್ಸಿನಲ್ಲಾಗಲಿ ಬ್ಯಾಂಕಿನಲ್ಲಾಗಲಿ, ಕಂಡವರಿಲ್ಲ. ಅಭ್ಯಾಸದ ವಾಕ್ಯಗಳ ಲೋಕವೂ ವಿಲಕ್ಷಣ. ಅಲ್ಲಿ ಪೊಲೀಸರನ್ನು ಕಂಡೊಡನೆ ಕಳ್ಳ ಓಡುತ್ತಾನೆ, ಒಮ್ಮೆಯೂ ಸಿಕ್ಕಿಬೀಳುವುದಿಲ್ಲ. ಸ್ಟೇಷನ್ ಮುಟ್ಟುವ ‘ಬಿಫೋರ್’ ರೈಲು ಹೊರಟಿರುತ್ತದೆ. ಡಾಕ್ಟರು ಬರುವ ‘ಬಿಫೋರ್’ ರೋಗಿ ಸತ್ತಿರುತ್ತಾನೆ. ತಲೆಮಾರುಗಳಿಂದ ಸಾಯುತ್ತಲೇ ಇದ್ದಾನೆ. ಕಾರಣ ಶೋಧಿಸಲಾಗಿ, ರೆನ್ ಮತ್ತು ಮಾರ್ಟಿನ್ ವ್ಯಾಕರಣದ ಪಿ.ಸಿ. ರೆನ್ 1924ರಲ್ಲಿ ‘ಬೋ ಜೆಸ್ಟ್’ ಎಂಬ ಕಾದಂಬರಿ ಬರೆದು, ಮರುಭೂಮಿಯ ಕೋಟೆಯ ಗೋಡೆಗೆ ಸತ್ತ ಸೈನಿಕರನ್ನು ಕಾವಲು ನಿಲ್ಲಿಸಿದವನೆಂದು ತಿಳಿದುಬಂತು. ಇಂಥ ಆಚಾರ್ಯರ ಪರಂಪರೆಯಲ್ಲಿ ರೋಗಿ ಬದುಕುವನೆಂದು ನಂಬುವುದು ಹೇಗೆ?

ಸೂತ್ರ 4: ಜ್ವರವೇ ‘ಆ್ಯಸ್’ಗೆ ಮೂಲ.

ವೃತ್ತಿ: ಕನ್ನಡದ ಮಗು ಒಂದಕ್ಷರ ತಪ್ಪಿಲ್ಲದೆ ಬಳಸುವ ಕಂಜಂಕ್ಷನ್ ಇದೊಂದೇ. “ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್” ಎಂದು ರಜಾ ಅರ್ಜಿ ಆರಂಭವಾಗುತ್ತದೆ. ಅಧೀನ ವಾಕ್ಯ ಮುಂದೆ, ಪ್ರಧಾನ ವಾಕ್ಯ ಹಿಂದೆ, ನಡುವೆ ಅಲ್ಪವಿರಾಮ, ಕೆಳಗೆ ಅಪ್ಪನ ಸಹಿ. ಜ್ವರ ಸುಳ್ಳಿರಬಹುದು, ಸಹಿಯೂ ಸುಳ್ಳಿರಬಹುದು, ವ್ಯಾಕರಣ ಮಾತ್ರ ಸತ್ಯ. ಫಲಾಪೇಕ್ಷೆಯಿದ್ದಲ್ಲಿ ವಿದ್ಯೆ ತಾನಾಗಿ ಬರುತ್ತದೆಂದು ಇದರಿಂದ ಸಿದ್ಧವಾಯಿತು.

ಪೂರ್ವಪಕ್ಷ

“ಇದೆಲ್ಲ ನಮ್ಮವರ ಪಾಡು, ಹುಟ್ಟಾ ಇಂಗ್ಲಿಷ್ ಆಡುವವರಿಗೆ ತೊಡಕಿಲ್ಲ” ಎಂದರೆ, ಹಾಗಲ್ಲ. ಅಮೆರಿಕದ ಮೇನ್ ರಾಜ್ಯದ ಓವರ್‌ಟೈಮ್ ಕಾನೂನಿನಲ್ಲಿ ಒಂದು ‘ಆರ್’ಗೆ ಮೊದಲು ಬರಬೇಕಾದ ಅಲ್ಪವಿರಾಮ ಬಿಟ್ಟುಹೋಗಿತ್ತು. ಓಕ್‌ಹರ್ಸ್ಟ್ ಡೈರಿಯ ಹಾಲಿನ ಗಾಡಿಯ ಚಾಲಕರು ಅದನ್ನೇ ಹಿಡಿದು 2017ರಲ್ಲಿ ಮೇಲ್ಮನವಿ ಗೆದ್ದರು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ಆ ದೇಶದ ಸುಪ್ರೀಂ ಕೋರ್ಟಂತೂ 2024ರ ಪಲ್ಸಿಫರ್ ಪ್ರಕರಣದಲ್ಲಿ ‘ಆ್ಯಂಡ್’ ಎಂದರೇನು ಎಂದು ವಿಚಾರಣೆಗೇ ಕೂತಿತು. ಮಾದಕವಸ್ತು ಅಪರಾಧಿಗೆ ಶಿಕ್ಷೆಯಲ್ಲಿ ರಿಯಾಯಿತಿ ಸಿಗಬೇಕಾದರೆ ಇರಬಾರದ ಮೂರು ಹಳೆಯ ಕಳಂಕಗಳ ಪಟ್ಟಿಯಲ್ಲಿ ಒಂದು ‘ಆ್ಯಂಡ್’ ಇತ್ತು. ಮೂರೂ ಇದ್ದರಷ್ಟೇ ರಿಯಾಯಿತಿ ತಪ್ಪುವುದೋ, ಒಂದಿದ್ದರೂ ತಪ್ಪುವುದೋ? ಒಂದಿದ್ದರೂ ತಪ್ಪುವುದು ಎಂದು ಆರು ನ್ಯಾಯಮೂರ್ತಿಗಳು, ಅಲ್ಲವೆಂದು ಮೂವರು.

ಸಿದ್ಧಾಂತ

ಒಂಬತ್ತರಲ್ಲಿ ಮೂವರು, ಅದೂ ಇಂಗ್ಲಿಷಿನ ನಾಡಿನಲ್ಲೇ, ‘ಆ್ಯಂಡ್’ನಲ್ಲಿ ಫೇಲಾಗಿರುವುದರಿಂದ ಎಂಟನೇ ಕ್ಲಾಸಿನ ನಮ್ಮ ಹುಡುಗರಿಗೆ ಈ ವಿಭಾಗದಲ್ಲಿ ಮೂರನೇ ಒಂದು ಪಾಲು ಗ್ರೇಸ್ ಅಂಕ ನ್ಯಾಯವಾಗಿಯೇ ಸಲ್ಲಬೇಕು.

ಫಲಶ್ರುತಿ

ಈ ಭಾಷ್ಯವನ್ನು ಪ್ರಾತಃಕಾಲದಲ್ಲಿ ಪಠಿಸಿದವರಿಗೆ ಇಂಟರ್‌ವ್ಯೂನಲ್ಲಿ ‘ಆ್ಯಂಡ್’ ಎಂದೊಡನೆ ಮುಂದಿನ ಮಾತು ಹೊಳೆಯುವುದು. ಹೊಳೆಯದಿದ್ದಲ್ಲಿ ‘ಆ್ಯಂಡ್ ಆಲ್’ ಎಂದು ಮುಗಿಸಿ, ಥ್ಯಾಂಕ್ಯೂ ಸರ್ ಹೇಳಿ ಎದ್ದುಬರತಕ್ಕದ್ದು.