ಚಾರಣಪ್ಪ

ಚಾರಣಪ್ಪ ಹುಟ್ಟುವುದು ಬೆಂಗಳೂರಿನಲ್ಲಿ, ಸಾಮಾನ್ಯವಾಗಿ ನಲವತ್ತನೆಯ ವಯಸ್ಸಿಗೆ. ಅಲ್ಲಿಯವರೆಗೆ ಅವನು ಬರೀ ಅಪ್ಪ. ಆಫೀಸಿನ ವಾರ್ಷಿಕ ತಪಾಸಣೆಯಲ್ಲಿ ಕೊಲೆಸ್ಟರಾಲ್ ಗೆರೆ ದಾಟಿದ ವಾರವೇ ಪಕ್ಕದ ಟೀಮಿನ ಮ್ಯಾನೇಜರು ಯಾವುದೋ ಬೆಟ್ಟದ ನೆತ್ತಿಯಲ್ಲಿ ಎರಡೂ ಕೈ ಚಾಚಿ ನಿಂತ ಫೋಟೋ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಕಾಣಿಸಿತೆಂದರೆ ಮುಗಿಯಿತು. ಅಂದು ರಾತ್ರಿ ಊಟದ ಹೊತ್ತಿಗೆ ಘೋಷಣೆ ಹೊರಡುತ್ತದೆ: "ಈ ಮಕ್ಕಳಿಗೆ ಪ್ರಕೃತಿ ಅಂದ್ರೆ ಏನು ಅಂತಾನೇ ಗೊತ್ತಿಲ್ಲ." ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಇಬ್ಬರೂ ಆ ಹೊತ್ತಿನಲ್ಲಿ ಬಾಲ್ಕನಿಯ ಕುಂಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಇರುವೆ ಸಾಲಿಗೆ ಸಕ್ಕರೆ ಹಾಕುತ್ತಿರುತ್ತಾರೆ. ಅದು ಲೆಕ್ಕಕ್ಕಿಲ್ಲ.

ಪ್ರಕೃತಿಗೆ ಹೋಗುವ ದಾರಿ ಡೆಕ್ಯಾತ್ಲಾನ್ ಮಳಿಗೆಯ ಮೂಲಕ ಹಾದುಹೋಗುತ್ತದೆ. ನಾಲ್ಕು ಜೊತೆ ಬೂಟು, ನಾಲ್ಕು ರೈನ್‌ಕೋಟು, ಮಡಚುವ ಊರುಗೋಲು, ತಲೆಗೆ ಕಟ್ಟಿಕೊಳ್ಳುವ ದೀಪ, ಜಿಗಣೆ ಹತ್ತದ ಉದ್ದನೆಯ ಕಾಲುಚೀಲ. ಬಿಲ್ಲು ನೋಡಿ ಹೆಂಡತಿ, "ರೀ, ಇಷ್ಟರಲ್ಲಿ ಗೋವಾಕ್ಕೆ ಹೋಗಿ ಬರಬಹುದಿತ್ತಲ್ವಾ?" ಎನ್ನುತ್ತಾಳೆ. ಚಾರಣಪ್ಪ ಅವಳನ್ನು ಕರುಣೆಯಿಂದ ನೋಡುತ್ತಾನೆ.

ಬೆಟ್ಟ ಯಾವುದು ಎನ್ನುವುದರಲ್ಲಿ ಅವನಿಗೆ ಗೊಂದಲವಿಲ್ಲ. ನಂದಿಬೆಟ್ಟ ಮುದುಕರಿಗೆ, ಸಾವನದುರ್ಗ ಕಾಲೇಜು ಹುಡುಗರಿಗೆ. ಸಂಸಾರಸ್ಥನಿಗೆ ತಕ್ಕದ್ದು ಕುದುರೆಮುಖ. 1,894 ಮೀಟರ್ ಎತ್ತರ, ಸುತ್ತಲೂ ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗೆ ಚಾಚಿಕೊಂಡ ಸುಮಾರು 600 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ, 1987ರಲ್ಲಿ ಘೋಷಣೆಯಾದದ್ದು. ಹೋಗಿ ಬರಲು ಇಪ್ಪತ್ತು ಕಿಲೋಮೀಟರಿನ ಆಸುಪಾಸು ನಡಿಗೆ ಎಂಬ ಅಂಶವನ್ನು ಮಾತ್ರ ಅವನು ಮನೆಯಲ್ಲಿ ಮೆಲ್ಲಗೆ, ಕುಕ್ಕರ್ ಕೂಗುವಾಗ ಹೇಳಿರುತ್ತಾನೆ.

ಟಿಕೆಟ್ಟಿನದು ಬೇರೆಯೇ ಕಥೆ. 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜನ ಜಾತ್ರೆಗಿಂತ ದಟ್ಟವಾಗಿ ನಿಂತಿದ್ದ ದೃಶ್ಯ ಎಲ್ಲರ ಮೊಬೈಲಿಗೂ ಬಂತು. ಆಮೇಲೆ ಸರ್ಕಾರ ಚಾರಣಕ್ಕೆ ಲಗಾಮು ಹಾಕಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸಬೇಕು. ಒಂದು ಹಾದಿಗೆ ದಿನಕ್ಕೆ 300 ಮಂದಿಯ ಮಿತಿ. ಒಳ್ಳೆಯ ನಿಯಮ, ಇನ್ನೂ ಮೊದಲೇ ಬರಬೇಕಿತ್ತು. ಆದರೆ ರಾಜ್ಯೋತ್ಸವಕ್ಕೆ ವಾರಾಂತ್ಯ ಅಂಟಿಕೊಂಡು ಬಂದಾಗ ಬೆಂಗಳೂರಿನ ಚಾರಣಪ್ಪಂದಿರೆಲ್ಲ ಒಟ್ಟಿಗೇ ಆ ಜಾಲತಾಣದ ಮೇಲೆ ಮುಗಿಬೀಳುತ್ತಾರೆ. ನಮ್ಮವನು ಎರಡು ಲ್ಯಾಪ್‌ಟಾಪು, ಒಂದು ಟ್ಯಾಬು ಮುಂದಿಟ್ಟುಕೊಂಡು ಯುದ್ಧಕ್ಕೆ ಕೂರುತ್ತಾನೆ. ಟಿಕೆಟ್ ಸಿಗುವುದು ಹೆಂಡತಿಯ ಹಳೆಯ ಫೋನಿನಲ್ಲಿ, ಅವಳು ಒಲೆಯ ಮೇಲಿನ ಹಾಲು ನೋಡಿಕೊಳ್ಳುತ್ತಾ ಒತ್ತಿದಾಗ.

ಅಲ್ಲಿಂದ ಮುಂದೆ ಎಕ್ಸೆಲ್ ಹಾಳೆಯ ಪರ್ವ. ಚಾರಣಪ್ಪ ನೇಸ್ಮಿತ್ ಸೂತ್ರವನ್ನು ಓದಿಕೊಂಡಿದ್ದಾನೆ. ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಲೆಕ್ಕ ಅದು: ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಾಗೆ ಕೂಡಿಸಿದರೆ ಬೆಳಗ್ಗೆ ಹೊರಟವರು ಮಧ್ಯಾಹ್ನದ ಕಾಫಿಗೆ ವಾಪಸ್. ನೇಸ್ಮಿತ್ ಲೆಕ್ಕ ಹಾಕಿದ್ದು ಗಟ್ಟಿಮುಟ್ಟಾದ ದೊಡ್ಡವರಿಗೆ. ಮಕ್ಕಳ ಜೊತೆಗಿನ ನಡಿಗೆಯ ಕಾಲವನ್ನು ನಿರ್ಧರಿಸುವ ಮೂರು ಅಂಶಗಳಾದ ಮೂತ್ರ, ಮುನಿಸು, ಮಿಠಾಯಿ ಅವನ ಸೂತ್ರದಲ್ಲಿ ಇಲ್ಲವೇ ಇಲ್ಲ.

ಜೊತೆಗೆ ಅಜ್ಜಿಯೂ ಹೊರಡುತ್ತಾಳೆ, ಮನೆಯಲ್ಲಿ ಒಬ್ಬಳನ್ನೇ ಬಿಡುವ ಹಾಗಿಲ್ಲವೆಂದು. ಅಜ್ಜಿ, ಅಂದರೆ ಚಾರಣಪ್ಪನ ತಾಯಿ, ಬಾಳಿ ಬದುಕಿದ್ದು ಕೊಪ್ಪದ ಕಡೆಯ ಅಡಿಕೆ ತೋಟದಲ್ಲಿ. ಆ ತೋಟ ಮಾರಿದ ದುಡ್ಡಿನಲ್ಲೇ ಬೆಂಗಳೂರಿನ ಫ್ಲಾಟಿಗೆ ಮುಂಗಡ ಕಟ್ಟಿದ್ದು. ಈಗ ಅಂಥದೇ ಇನ್ನೊಬ್ಬರ ತೋಟದಲ್ಲಿ ಎರಡು ರಾತ್ರಿ ಮಲಗಲು ತಲೆಗೆ ಇಷ್ಟೆಂದು ಕೊಡಬೇಕು ಎಂದು ತಿಳಿದಾಗ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಊಟ ಸೇರಿಸಿಯಾ?" ಎಂದಷ್ಟೇ ಕೇಳಿದಳು.

ಕಾರು ನಸುಕಿಗೆ ಹೊರಟು ಹಾಸನ, ಬೇಲೂರು ದಾಟಿ ಮೂಡಿಗೆರೆಗೆ ಬರುವ ಹೊತ್ತಿಗೆ ಚಾರಣಪ್ಪನೊಳಗಿನ ಮೇಷ್ಟ್ರು ಏಳುತ್ತಾನೆ. "ಇದು ತೇಜಸ್ವಿ ಊರು ಕಣ್ರೋ! ಕರ್ವಾಲೋ ಅಂತ ಒಂದು ಕಾದಂಬರಿ ಇದೆ. ಹಾರುವ ಓತಿ ಹುಡುಕ್ಕೊಂಡು ಕಾಡಿಗೆ ಹೋಗ್ತಾರೆ. ಈ ಸಲ ನಾವೂ ನೋಡೋಣ!" ಹಿಂದಿನ ಸೀಟಿನಲ್ಲಿ ಮೂವರೂ ಬಾಯಿ ತೆರೆದುಕೊಂಡು ನಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಯ ವಾಸನೆಗೆ ಎಲ್ಲರಿಗೂ ತಾವಾಗಿಯೇ ಎಚ್ಚರವಾಯಿತು. ಎಕ್ಸೆಲ್ಲಿನಲ್ಲಿ ಅದಕ್ಕೆ ಹದಿನೈದು ನಿಮಿಷ ಇತ್ತು. ಮಗ ಐದನೆಯ ದೋಸೆಗೆ ಕೈ ಎತ್ತಿದಾಗ ಚಾರಣಪ್ಪ ಫೋನು ತೆಗೆದು ಹಾಳೆಯನ್ನು ತಿದ್ದಿದ.

ಕಳಸ ದಾಟಿ ಸಂಸೆಯ ಚಹಾ ತೋಟದ ಹತ್ತಿರ ಬಂದಾಗ ಮೋಡ ಸರಿದು ಬೆಟ್ಟ ಕಂಡಿತು. ಹಿಂದೆ ಈ ಕಡೆಯಿಂದ ಹತ್ತುತ್ತಿದ್ದವರು ಇದನ್ನು ಸಂಸೆಪರ್ವತ ಎನ್ನುತ್ತಿದ್ದರಂತೆ. "ನೋಡು ಪುಟ್ಟ, ಥೇಟ್ ಕುದುರೆ ಮುಖ!" ಮಗ ತಲೆ ವಾರೆ ಮಾಡಿ ನೋಡಿದ. "ಕತ್ತೆ ಥರಾನೂ ಇದೆ ಅಪ್ಪಾ."

ಬಾಳೆಗಲ್ಲಿನಿಂದ ಮುಳ್ಳೋಡಿಯ ಹೋಮ್‌ಸ್ಟೇಗೆ ಜೀಪು. ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದು ಬಂಡೆಗೆ ಏರುವ ರಸ್ತೆ. ಒಳಗಿದ್ದವರು ಒಬ್ಬರ ತೊಡೆಯಿಂದ ಒಬ್ಬರ ತೊಡೆಗೆ ಹಾರುತ್ತಾರೆ. ಮಕ್ಕಳು ಕೇಕೆ ಹಾಕುತ್ತಾರೆ. ಇಡೀ ಪ್ರವಾಸದಲ್ಲಿ ಯಾವುದು ಚೆನ್ನಾಗಿತ್ತು ಎಂದು ಕೇಳಿದರೆ ಈ ಮಕ್ಕಳು "ಜೀಪು" ಎನ್ನುತ್ತಾರೆ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಮಾರನೆಯ ಬೆಳಗ್ಗೆ ಅಕ್ಕಿರೊಟ್ಟಿ ಮುಗಿಸಿ ಹೊರಟರೆ ಮೊದಲು ಸಿಗುವುದು ತಪಾಸಣೆ. ಕಾಡಿನೊಳಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಹೆಂಡತಿಯ ಚೀಲದಲ್ಲಿ ಚಪಾತಿ, ಚಟ್ನಿಪುಡಿ, ಕಡಲೆ ಮಿಠಾಯಿ, ಎಲ್ಲವೂ ಸ್ಟೀಲ್ ಡಬ್ಬಿಯಲ್ಲಿ. ಅದು ನೋಡಿದ ಕೂಡಲೇ ಪಾಸ್. ಚಾರಣಪ್ಪನ ಚೀಲದಿಂದ ಮಿರುಗುವ ಹೊದಿಕೆಯ ಎನರ್ಜಿ ಬಾರ್‌ಗಳು, ಗ್ಲೂಕೋಸ್ ಪೊಟ್ಟಣಗಳು, ಚಿಪ್ಸು ಒಂದೊಂದಾಗಿ ಹೊರಬಂದವು. ಎಲ್ಲವನ್ನೂ ಬಿಚ್ಚಿ ಹೆಂಡತಿಯ ಡಬ್ಬಿಯ ಮೂಲೆಯಲ್ಲಿ, ಚಪಾತಿಯ ಕೆಳಗೆ, ಸೇರಿಸಬೇಕಾಯಿತು. ಆಕೆ ಏನೂ ಅನ್ನಲಿಲ್ಲ. ಡಬ್ಬಿಯ ಮುಚ್ಚಳವನ್ನು ಮಾತ್ರ ಸ್ವಲ್ಪ ಜೋರಾಗಿ ಒತ್ತಿದಳು.

ಗೈಡು ಇಲ್ಲದೆ ಈ ಹಾದಿಯಲ್ಲಿ ಬಿಡುವುದಿಲ್ಲ. ಬಂದವನು ಊರಿನದೇ ಹುಡುಗ, ಇಪ್ಪತ್ತೈದು ಇರಬಹುದು. ಚಾರಣಪ್ಪ ಅವನಿಗೆ ಬೆಟ್ಟದ ವಿಷಯ ತಿಳಿಸಲು ಆರಂಭಿಸಿದ. ಇದು ಚಾರಣಪ್ಪನ ಕುಲಲಕ್ಷಣ: ವಿಕಿಪೀಡಿಯ ಓದಿ ಬಂದವನು ಅಲ್ಲೇ ಹುಟ್ಟಿದವನಿಗೆ ಪಾಠ ಹೇಳುತ್ತಾನೆ, ಹುಟ್ಟಿದವನು "ಹೌದಾ ಸಾರ್" ಎನ್ನುತ್ತಾನೆ. ಇಲ್ಲಿನ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ ಎಂದು ಆಯಿತು. ಕಣಿವೆಯ ಮಡಿಲಲ್ಲಿ ಮಾತ್ರ ಮರ, ಮೇಲೆಲ್ಲ ಬರೀ ಹುಲ್ಲು. ಇದಕ್ಕೆ ಶೋಲಾ ಅನ್ನುತ್ತಾರೆ, ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯವರೆಗೂ ಸ್ವಲ್ಪ ಸ್ವಲ್ಪವೇ ಬಿಡುತ್ತದೆ ಎಂದೂ ಆಯಿತು. ಆಮೇಲೆ ಗಣಿಯ ವಿಷಯ ಬಂತು.

"ಇದೇ ಬೆಟ್ಟಸಾಲಲ್ಲಿ ಕಬ್ಬಿಣದ ಅದಿರು ತೆಗೀತಿದ್ರು. 1976ರಲ್ಲಿ ಕಂಪನಿ ಬಂತು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಕೊನೆಗೆ ನಿಂತಿತು."

"ಬೆಟ್ಟದಿಂದ ಹೇಗೆ ತಗೊಂಡು ಹೋಗ್ತಿದ್ರು?" ಮಗಳು ಕೇಳಿದಳು.

"ಪುಡಿ ಮಾಡಿ, ನೀರಲ್ಲಿ ಕಲಸಿ, ಪೈಪಲ್ಲಿ ಮಂಗಳೂರಿಗೆ ಬಿಡ್ತಿದ್ರು. ಅರವತ್ತೇಳು ಕಿಲೋಮೀಟರ್ ಪೈಪು!"

"ಬೆಟ್ಟಾನೇ ಪುಡಿ ಮಾಡಿ?"

"ಹೂಂ."

ಹುಡುಗಿ ಸ್ವಲ್ಪ ದೂರ ಸುಮ್ಮನೆ ನಡೆದಳು. "ಮತ್ತೆ ನಮ್ಮ ಚಿಪ್ಸ್ ಪ್ಯಾಕೆಟ್ ಮಾತ್ರ ಯಾಕೆ ಬಿಡಲಿಲ್ಲ?"

ಗೈಡು ಕೆಮ್ಮಿದ. ಚಾರಣಪ್ಪ ದೂರದ ಒಂದು ಹಕ್ಕಿಯನ್ನು ತೋರಿಸಿದ. ಗಣಿಗಾರಿಕೆಯ ಬಗ್ಗೆ ಬರೆದ ದಪ್ಪ ದಪ್ಪ ವರದಿಗಳಿಗಿಂತ ಆ ಪ್ರಶ್ನೆ ಹರಿತ ಎಂದು ಈ ಲೇಖಕನ ಅಭಿಪ್ರಾಯ.

ಮೊದಲ ಹಳ್ಳ ಸಿಕ್ಕಿತು. ಮಕ್ಕಳ ಚಾರಣ ವಾಸ್ತವವಾಗಿ ಅಲ್ಲಿಗೆ ಮುಗಿಯಿತು. ತಣ್ಣನೆಯ ನೀರು, ಉರುಟು ಕಲ್ಲು, ಕಲ್ಲಿನಡಿಯಲ್ಲಿ ಏಡಿ. ಮಗ ಹೊಸ ಬೂಟು ಬಿಚ್ಚಿ ನೀರಿಗಿಳಿದ. ಮಗಳು ಏಡಿ ಅಡ್ಡಡ್ಡ ಓಡುವುದನ್ನು ನೋಡುತ್ತಾ ಕೂತಳು. ಎಲ್ಲಿಂದಲೋ ಶಿಳ್ಳೆ ಕೇಳಿತು, ಶಾಲೆಗೆ ಚಕ್ಕರ್ ಹೊಡೆದ ಪೋಕರಿ ಹುಡುಗನೊಬ್ಬ ರಾಗ ಗೊತ್ತಿಲ್ಲದೆ ಶಿಳ್ಳೆ ಹಾಕಿದ ಹಾಗೆ. ಮಲಬಾರ್ ಸಿಳ್ಳಾರ ಹಕ್ಕಿ ಅದು. "ಇದೇ ಪ್ರಕೃತಿಯಾ ಅಪ್ಪಾ?" ಎಂದು ಮಗ ಕೇಳಿದ. "ಇಲ್ಲ ಇಲ್ಲ, ಅದು ಮೇಲಿದೆ, ಬನ್ನಿ ಬನ್ನಿ, ಟೈಮ್ ಆಯ್ತು" ಎಂದ ಚಾರಣಪ್ಪ. ಕೈಗಡಿಯಾರ ಅವನ ಹೆಜ್ಜೆ, ಎದೆಬಡಿತ, ಕರಗಿದ ಕ್ಯಾಲೊರಿ ಎಲ್ಲವನ್ನೂ ತೋರಿಸುತ್ತಿತ್ತು. ಏಡಿ ಅದರಲ್ಲಿ ಕಾಣುವುದಿಲ್ಲ.

ಹಳ್ಳದ ಆಚೆಯ ಮರಗಳ ನೆರಳಿನಲ್ಲಿ ಜಿಗಣೆ. ಮಲೆನಾಡಿನವರ ಬಾಯಲ್ಲಿ ಉಂಬಳ. ಮಳೆ ಕಳೆದ ಮೇಲೂ ತೇವದ ಎಲೆಯಡಿ ಅವು ತುದಿಗಾಲಲ್ಲಿ ನಿಂತಿರುತ್ತವೆ. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಜೊಲ್ಲಿನಲ್ಲೇ ಮದ್ದು ಇಟ್ಟುಕೊಂಡಿರುವುದರಿಂದ ಅವು ಉದುರಿದ ಮೇಲೂ ಗಾಯ ಸೋರುತ್ತಲೇ ಇರುತ್ತದೆ. ಇದನ್ನೆಲ್ಲ ಚಾರಣಪ್ಪ ಮಕ್ಕಳಿಗೆ ಸಮಾಧಾನದ ದನಿಯಲ್ಲಿ, "ಹೆದರಬಾರದು, ಅದೂ ಒಂದು ಜೀವ" ಎಂದು ವಿವರಿಸುತ್ತಿದ್ದಾಗ ತನ್ನ ಕತ್ತಿನ ಹತ್ತಿರ ಏನೋ ತಣ್ಣಗೆ ಹರಿದಂತಾಯಿತು. ಆ ಕೂಗಿಗೆ ಕಣಿವೆಯ ಆಚೆ ಬದಿಯ ತಂಡದವರೂ ತಿರುಗಿ ನೋಡಿದರು. ಗೈಡು ಅಜ್ಜಿ ಕೊಟ್ಟು ಕಳಿಸಿದ್ದ ಸುಣ್ಣದ ಡಬ್ಬಿ ತೆಗೆದು ಒಂದು ಚೂರು ಮುಟ್ಟಿಸಿದ, ಜಿಗಣೆ ಉದುರಿತು. ಮಗಳು ಅಲ್ಲಿಂದ ಪಟ್ಟಿ ಇಟ್ಟಳು: ಅಪ್ಪ ಏಳು, ಅಮ್ಮ ಎರಡು, ತಾನು ಮೂರು, ತಮ್ಮ ಸೊನ್ನೆ. ತಮ್ಮನ ಸೊನ್ನೆಗೆ ಕಾರಣ, ಅವನು ಆಗಲೇ ಗೈಡಿನ ಹೆಗಲೇರಿದ್ದ.

ಮರದ ನೆರಳು ಮುಗಿದು ಬಯಲು ಹುಲ್ಲು, ಏರು ಮೇಲೆ ಏರು. ಈ ಹಂತದಲ್ಲಿ ಎಲ್ಲ ಕುಟುಂಬಗಳಲ್ಲೂ ಒಂದೇ ಸಂಭಾಷಣೆ.

"ಅಪ್ಪಾ, ಇನ್ನೆಷ್ಟು ದೂರ?"

"ಇಲ್ಲೇ ಪುಟ್ಟ, ಆ ತಿರುವು ದಾಟಿದ್ರೆ ಬಂತು."

ಇಳಿದು ಬರುತ್ತಿದ್ದವರನ್ನು ಕೇಳಿದರೆ ಅವರೂ, "ಹತ್ತೇ ನಿಮಿಷ ಅಂಕಲ್!" ಎಂದರು. ಹತ್ತು ನಿಮಿಷದ ನಂತರ ಸಿಕ್ಕವರೂ ಹತ್ತೇ ನಿಮಿಷ ಎಂದರು. ಬೆಟ್ಟ ಇಳಿಯುವವರೆಲ್ಲ ಸೇರಿ ಹತ್ತುವವರಿಗೆ ಹೇಳುವ ಈ ಸುಳ್ಳಿನ ಹಿಂದೆ ಸದುದ್ದೇಶ ಇದೆಯೋ ಸೇಡು ಇದೆಯೋ ಹೇಳುವುದು ಕಷ್ಟ.

ಅರ್ಧಕ್ಕಿಂತ ಸ್ವಲ್ಪ ಮುಂದೆ ಗೈಡು ನಿಂತ. ಹೆಗಲ ಮೇಲಿನ ಹುಡುಗ ಅವನ ತಲೆಗೆ ಗಲ್ಲ ಊರಿ ನಿದ್ದೆ ಹೋಗಿದ್ದ. "ಸಾರ್, ಇಲ್ಲಿಂದ ವಾಪಸ್ ಹೋಗೋಣ. ಕತ್ತಲಾಗೋ ಮುಂಚೆ ಕೆಳಗಿರಬೇಕು. ಸಂಜೆ ಮೇಲೆ ಕಾಟಿ ಓಡಾಡ್ತವೆ." ಚಾರಣಪ್ಪ ಎಕ್ಸೆಲ್ ತೋರಿಸಿದ. ಗೈಡು ಮೋಡ ತೋರಿಸಿದ. "ಹಂಗಾದ್ರೆ ಇವರೆಲ್ಲ ಇಲ್ಲೇ ಕೂತಿರ್ಲಿ, ನಾವಿಬ್ರೇ ಓಡಿ ಹೋಗಿ ಬರೋಣ" ಎಂದು ಚಾರಣಪ್ಪ ಹೇಳಿದಾಗ ಹೆಂಡತಿ ಡಬ್ಬಿಯ ಮುಚ್ಚಳ ಒತ್ತಿದ ಅದೇ ಬಲದಲ್ಲಿ ಅವನನ್ನು ನೋಡಿದಳು. ವಿಷಯ ಅಲ್ಲಿಗೆ ಇತ್ಯರ್ಥವಾಯಿತು.

ಇಳಿಯುವ ಮೊದಲು ಫೋಟೋ ಆಯಿತು. ಎರಡೂ ಕೈ ಚಾಚಿ, ಹಿಂದೆ ಶಿಖರ ಬರುವ ಹಾಗೆ. "ಕುದುರೆಮುಖ, ಕುಟುಂಬ ಸಮೇತ" ಎಂಬ ಶೀರ್ಷಿಕೆ. ಒಂದಕ್ಷರವೂ ಸುಳ್ಳಲ್ಲ.

ಸಂಜೆ ಹೋಮ್‌ಸ್ಟೇ ಅಂಗಳದಲ್ಲಿ ಅಜ್ಜಿ ಮತ್ತು ಮನೆಯೊಡತಿ ಹಳೆಯ ಗೆಳತಿಯರಾಗಿ ಹೋಗಿದ್ದರು. ಪತ್ರೊಡೆಗೆ ಯಾವ ಕೆಸುವಿನ ಎಲೆ ತುರಿಸುವುದಿಲ್ಲ ಎಂಬಲ್ಲಿಂದ ಶುರುವಾದದ್ದು, ಉದ್ಯಾನದೊಳಗಿನ ಮನೆಗಳವರಿಗೆ ಸರ್ಕಾರ ಪರಿಹಾರ ಕೊಟ್ಟು ಹೊರಗೆ ಕಳಿಸುವ ಯೋಜನೆಯವರೆಗೆ ಬಂದಿತ್ತು. ಹೋಗುವುದೋ ಇರುವುದೋ ಎಂದು ಆಕೆ ಕೇಳಿದ್ದಕ್ಕೆ ಅಜ್ಜಿ, "ಹೋದ್ರೆ ಮಗ ಫ್ಲಾಟ್ ತಗೋತಾನೆ" ಎಂದಳು. ಇದು ಸಲಹೆಯೋ ಎಚ್ಚರಿಕೆಯೋ ಗೊತ್ತಾಗದೆ ಆಕೆ ನಕ್ಕಳು.

ಅಷ್ಟರಲ್ಲಿ ಮೊಮ್ಮಗನ ಕೈ ಮೇಲೆದ್ದಿತು. ಅಡಿಕೆ ಮರದ ತೊಗಟೆಗೆ ಅಂಟಿಕೊಂಡು, ತೊಗಟೆಯದೇ ಬಣ್ಣದಲ್ಲಿ ಏನೋ ಒಂದು ಗಂಟಲಿನಿಂದ ಹಳದಿ ಚೀಲ ಹೊರಚಾಚಿ ಒಳಗೆಳೆದುಕೊಳ್ಳುತ್ತಿತ್ತು. ಹಾರುವ ಓತಿಗೆ ಅಡಿಕೆ ತೋಟವೆಂದರೆ ತವರುಮನೆ. ಮರದ ಮೇಲಿನ ಇರುವೆಯೇ ಅದರ ಊಟ. ಪಕ್ಕೆಲುಬುಗಳ ನಡುವಿನ ಚರ್ಮ ಬಿಡಿಸಿಕೊಂಡು ಅದು ಈ ಮರದಿಂದ ಆ ಮರಕ್ಕೆ ತೇಲಿತು. "ನಮ್ಮ ತೋಟದಲ್ಲಿ ದಿನಾ ಬರ್ತಿತ್ತು, ನಿಮ್ಮಪ್ಪ ಕಲ್ಲು ಹೊಡೀತಿದ್ದ" ಎಂದಳು ಅಜ್ಜಿ.

ನಿಮ್ಮಪ್ಪ ಆಗ ಅಂಗಳದಲ್ಲಿ ಇರಲಿಲ್ಲ. ಫೋಟೋ ಕಳಿಸಲು ನೆಟ್‌ವರ್ಕ್ ಹುಡುಕಿಕೊಂಡು ಎದುರಿನ ದಿಬ್ಬ ಹತ್ತಿದ್ದ. ಅವನು ಆ ಪ್ರವಾಸದಲ್ಲಿ ಪೂರ್ತಿ ನೆತ್ತಿಯವರೆಗೆ ಏರಿದ್ದು ಅದೊಂದೇ.

ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಇಲಾಖೆ ಈ ಹಾದಿಗಳನ್ನು ಮುಚ್ಚುತ್ತದೆ. ಉಳಿದ ಕಾಲದಲ್ಲಿ, ಸಾಲು ರಜೆ ಬಂದಾಗಲೆಲ್ಲ, ಇವನು ನಿಮಗೂ ದಾರಿಯಲ್ಲಿ ಸಿಕ್ಕೇ ಸಿಗುತ್ತಾನೆ. ಊರುಗೋಲು, ಏದುಸಿರು, ಹಿಂದೆ ಮುಖ ಊದಿಸಿಕೊಂಡ ಇಬ್ಬರು ಮಕ್ಕಳು: ಗುರುತು ಹಿಡಿಯುವುದು ಸುಲಭ. ನೀವು ಇಳಿಯುತ್ತಿರುವವರಾದರೆ ಒಂದು ಉಪಕಾರ ಮಾಡಿ. ಇನ್ನೆಷ್ಟು ದೂರ ಎಂದು ಅವನು ಕೇಳಿದಾಗ ಹತ್ತು ನಿಮಿಷ ಎನ್ನಬೇಡಿ. ಆರು ಕಿಲೋಮೀಟರ್ ಇದ್ದರೆ ಆರು ಎಂದೇ ಹೇಳಿ, ಮಕ್ಕಳಿಗೂ ಕೇಳಿಸುವ ಹಾಗೆ ಸ್ವಲ್ಪ ಗಟ್ಟಿಯಾಗಿ ಹೇಳಿ, ಹಿಂದಿನ ಹಳ್ಳದಲ್ಲಿ ಏಡಿ ಚೆನ್ನಾಗಿವೆ ಎಂದೂ ಸೇರಿಸಿ.