ಒಂದು ಪರ್ಸೆಂಟಿನ ಕನಸು

ಬೆಂಗಳೂರಿನ ನಮ್ಮ ಪಕ್ಕದ್ಮನೆ ಹುಡುಗ ಕಂಪ್ಯೂಟರ್ ಕೆಲಸ ಬಿಟ್ಟು ರಿಯಲ್ ಎಸ್ಟೇಟ್ ಏಜೆಂಟ್ ಆದ. ಮೊದಲ ಗಿರಾಕಿಗಳು ಸೋದರಮಾವ, ಚಿಕ್ಕಪ್ಪ. ಇಬ್ಬರೂ ಈಗ ಫೋನ್ ಎತ್ತುತ್ತಿಲ್ಲ. 30×40ರ ಸೈಟು ತೋರಿಸಲು ಭಾನುವಾರವೆಲ್ಲ ಪೆಟ್ರೋಲ್ ಸುಟ್ಟ. ಬಂದವರು ಇವನ ದುಡ್ಡಲ್ಲೇ ಎಳನೀರು ಕುಡಿದು, 'ವಾಸ್ತು ಸರಿಯಿಲ್ಲ' ಅಂತ ಹೊರಟರು. ಎ ಖಾತೆ, ಬಿ ಖಾತೆ, ಇಸಿ, ಮದರ್ ಡೀಡ್ ಅಂತ ಆಸ್ತಿ ಕಾಗದಪತ್ರಗಳ ಹೆಸರೆಲ್ಲ ಬಾಯಿಪಾಠವಾಗುವಷ್ಟರಲ್ಲಿ ಅವನ ತಲೆಯ ಮೇಲೇ ಒಂದು ಖಾಲಿ ಸೈಟು ಕಾಣಿಸಿಕೊಂಡಿತು.

ಕೊನೆಗೂ ಒಂದು ವ್ಯಾಪಾರ ಕುದುರಿತು. ಒಂದು ಪರ್ಸೆಂಟ್ ಕಮಿಷನ್ ಕೊಡುವ ಹೊತ್ತಿಗೆ ಕೊಳ್ಳುವವನೂ ಮಾರುವವನೂ ದೂರದ ನೆಂಟರಾಗಿಬಿಟ್ಟರು!

"ಅಂಕಲ್, ಮುಂದುವರಿಯಲಾ?" ಎಂದ.

ಮುಂದುವರಿಯಪ್ಪ, ಆದರೆ ಮೊದಲು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಾಯಿಸಿಕೋ. 2016ರ ಕಾಯ್ದೆಯಂತೆ, ನೋಂದಣಿಯಿಲ್ಲದೆ ರೇರಾ ವ್ಯಾಪ್ತಿಯ ಮನೆ, ಸೈಟು ಮಾರಿಸಿದರೆ ದಿನಕ್ಕೆ 10,000 ರೂಪಾಯಿ ದಂಡ. ಅದರಲ್ಲಿ ಚೌಕಾಸಿ ನಡೆಯೋದಿಲ್ಲ.