ಲ್ಯಾಮಿನೇಷನ್ ಮಾಡಿಸಿದ ರಾಜೀನಾಮೆ

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಬೀದಿಯ ಕಿಟಕಿಗಳ ಪರದೆಗಳೆಲ್ಲ ಒಟ್ಟಿಗೆ ಮುಚ್ಚಿಕೊಂಡವೆಂದರೆ ಪ್ರೆಸಿಡೆಂಟ್ ಸಾರ್ ತಿರುವಿನಲ್ಲಿ ಕಾಣಿಸಿಕೊಂಡರು ಎಂದೇ ಅರ್ಥ. ಕಂಕುಳಲ್ಲಿ ರಸೀದಿ ಪುಸ್ತಕ, ಅಂಗಿಯ ಜೇಬಿನಲ್ಲಿ ಮೂರು ಬಣ್ಣದ ಪೆನ್ನು, ಪ್ಯಾಂಟಿನ ಜೇಬಿನಲ್ಲಿ ಕ್ಷೇಮಾಭಿವೃದ್ಧಿ ಸಂಘದ ಸೀಲು. ಆ ಸೀಲನ್ನು ಅವರು ಮನೆಯಲ್ಲಿ ಬಿಟ್ಟು ಬಂದದ್ದನ್ನು ಕಂಡವರಿಲ್ಲ. ಮೊಮ್ಮಗನ ಹೋಂವರ್ಕಿಗೂ ಒಮ್ಮೆ ಒತ್ತಿಬಿಟ್ಟಿದ್ದರಂತೆ.

ಅವರು ನಾಯಕರಾಗಲು ಹೊರಟವರಲ್ಲ. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಮೂರನೆಯ ದಿನ ಅಡುಗೆಮನೆಯ ಡಬ್ಬಗಳನ್ನು ಅಕಾರಾದಿಯಾಗಿ ಜೋಡಿಸತೊಡಗಿದಾಗ ಅವರ ಮನೆಯವರೇ, "ರೀ, ಬೀದಿ ದೀಪ ಉರೀತಿಲ್ಲ, ಹೋಗಿ ಸ್ವಲ್ಪ ನೋಡಬಾರದಾ?" ಎಂದು ಹೊರಗೆ ಕಳಿಸಿದರು. ನಾಡಿಗೆ ಎಷ್ಟೋ ನಾಯಕರು ಹೀಗೇ ದಕ್ಕಿರಬೇಕು. ದೀಪ ಹತ್ತಿತು, ಅವರೂ ಹತ್ತಿಕೊಂಡರು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಸಂಘ ಕಟ್ಟಲು ಏಳು ಜನ ಸಾಕು. ಮಿಕ್ಕ ಆರು ಜನ ನಾವು, ಬಾಗಿಲಿಗೆ ಬಂದ ಕಾಗದ ಕೊರಿಯರ್‌ದಿರಬೇಕೆಂದು ಸಹಿ ಹಾಕಿದವರು. ನಾನು ಜಂಟಿ ಕಾರ್ಯದರ್ಶಿ ಎಂಬುದು ನನಗೆ ಗೊತ್ತಾದದ್ದು ಲೆಟರ್‌ಹೆಡ್ ಅಚ್ಚಾಗಿ ಬಂದ ಮೇಲೆ.

2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಕೌನ್ಸಿಲ್ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲ, ಕಾರ್ಪೊರೇಟರ್ ಇಲ್ಲ. ಪ್ರೆಸಿಡೆಂಟ್ ಸಾರ್ ಮಾತ್ರ ಇದ್ದರು. ಕರೆಂಟು ಹೋದರೆ 1912, ನೀರು ನಿಂತರೆ 1916, ಕಸ ಉಳಿದರೆ 1533. ನಮಗೆ ಹೆಂಡತಿಯ ನಂಬರೇ ನೆನಪಿರದ ಕಾಲದಲ್ಲಿ ಅವರಿಗೆ ಇವೆಲ್ಲ ಮಗ್ಗಿಯಂತೆ ಬಾಯಿಪಾಠ. ನಮಗೆ ಗೊತ್ತಿದ್ದದ್ದು ಒಂದೇ ನಂಬರು, ಅವರದ್ದು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಹತ್ತಿಕೊಂಡು ಬರುವ ಕಾವೇರಿ ನಮ್ಮ ಬೀದಿಯ ವಾಲ್ವಿನ ಹತ್ತಿರ ಬಂದು ಮುನಿಸಿಕೊಂಡು ನಿಂತರೆ, ವಾಲ್ವ್‌ಮ್ಯಾನ್‌ನ ಮಗಳ ಪರೀಕ್ಷೆಯ ಫಲಿತಾಂಶ ವಿಚಾರಿಸಿ, ಕಾಫಿ ಕುಡಿಸಿ, ಕಾವೇರಿಯನ್ನು ಮನೆ ತುಂಬಿಸುವ ವಿದ್ಯೆ ಅವರೊಬ್ಬರಿಗೇ ಗೊತ್ತು.

ದೌರ್ಬಲ್ಯವೆಂದರೆ ಮೈಕು. ರಾಜ್ಯೋತ್ಸವದ ದಿನ "ಎರಡೇ ಎರಡು ಮಾತು" ಎಂದು ಹಿಡಿದರೆ ಮುಗಿಯಿತು. ಭಾಷಣ 1956ರ ಏಕೀಕರಣದಿಂದ ಹೊರಡುತ್ತದೆ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡುವಷ್ಟರಲ್ಲಿ ಪುಳಿಯೋಗರೆ ಆರಿರುತ್ತದೆ. ನಮ್ಮ ಮೂರನೇ ಅಡ್ಡರಸ್ತೆಯ ಚರಂಡಿಗೆ ಬರುವ ಹೊತ್ತಿಗೆ ಖಾಲಿಯಾಗಿರುತ್ತದೆ.

ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ. ಸರ್ವಸದಸ್ಯರೆಂದರೆ ಒಂಬತ್ತು ಜನ, ಅದರಲ್ಲಿ ಇಬ್ಬರು ಬೋಂಡಾಕ್ಕೆ ಬಂದವರು. ಲೆಕ್ಕಪತ್ರ ಓದಿದ ಮೇಲೆ ಸಾರ್ ಕನ್ನಡಕ ಸರಿಮಾಡಿಕೊಂಡು, "ವಯಸ್ಸಾಯ್ತು, ಯುವಕರು ಮುಂದೆ ಬರಬೇಕು" ಎಂದು ರಾಜೀನಾಮೆ ಪತ್ರ ತೆಗೆಯುತ್ತಾರೆ. ಮೊದಲೆರಡು ವರ್ಷ ಅದು ಕಾಗದದ ಮೇಲಿತ್ತು. ಮಡಿಕೆಯಲ್ಲಿ ಹರಿಯತೊಡಗಿದ ಮೇಲೆ ಲ್ಯಾಮಿನೇಷನ್ ಮಾಡಿಸಿದ್ದಾರೆ. ತಾರೀಖಿನ ಜಾಗ ಖಾಲಿ. ಮಾರ್ಕರಿನಲ್ಲಿ ಬರೆದು ಆಮೇಲೆ ಒರೆಸಿಕೊಳ್ಳಬಹುದು. ಓದಿದಾಗ ಯುವಕರೆಲ್ಲ ತಮ್ಮ ಚಪ್ಪಲಿಯ ಉಂಗುಷ್ಠವನ್ನು ಪರೀಕ್ಷಿಸುತ್ತೇವೆ. ನಲವತ್ತೆಂಟರ ನಾನೇ ಅಲ್ಲಿ ಅತಿ ಕಿರಿಯ. ಎರಡು ನಿಮಿಷದ ಮೌನ. ಬಳಿಕ ಯಾರೋ, "ನೀವಿಲ್ಲದಿದ್ರೆ ಹೇಗೆ ಸಾರ್?" ಎನ್ನುತ್ತಾರೆ. ಸಾರ್ ನಿಟ್ಟುಸಿರಿಟ್ಟು ಕರ್ಚೀಫು ತೆಗೆಯುತ್ತಾರೆ. ಕಣ್ಣೊರೆಸಲು ಅಲ್ಲ, ತಾರೀಖು ಒರೆಸಲು.

ಹೋದ ಬೇಸಿಗೆಯಲ್ಲಿ ಅವರು ಎರಡು ತಿಂಗಳು ಅಮೆರಿಕದ ಮಗಳ ಮನೆಗೆ ಹೋದರು. ಮೊದಲ ಭಾನುವಾರ ಪರದೆ ತೆರೆದೇ ಕೂತು ಇಡ್ಲಿ ತಿಂದೆವು. ಬೀದಿಗೇ ಸ್ವಾತಂತ್ರ್ಯ ಬಂದಂತಿತ್ತು. ಎರಡನೇ ವಾರ ನೀರು ನಿಂತಿತು. ನಾಲ್ಕು ದಿನ ಟ್ಯಾಂಕರಿಗೆ ದುಡ್ಡು ಸುರಿದ ಮೇಲೆ, ಜಂಟಿ ಕಾರ್ಯದರ್ಶಿಯಾದ ನಾನೇ ನಾಚಿಕೆ ಬಿಟ್ಟು ಫೋನ್ ಮಾಡಿದೆ. ಅಲ್ಲಿ ನಡುರಾತ್ರಿ. ಒಂದೇ ರಿಂಗಿಗೆ ಎತ್ತಿಕೊಂಡರು. ವಾಲ್ವ್‌ಮ್ಯಾನ್‌ನ ನಂಬರು ಹೇಳಿ, "ಮೊದಲು ಮಗಳು ಯಾವ ಕಾಲೇಜು ಸೇರಿದಳು ಅಂತ ಕೇಳಿ, ಆಮೇಲೆ ನೀರಿನ ಮಾತು" ಎಂದು ಎಚ್ಚರಿಸಿದರು. ಸಂಜೆಯೊಳಗೆ ಸಂಪು ತುಂಬಿತು.

"ಇಷ್ಟು ಹೊತ್ತಲ್ಲಿ ಎದ್ದಿದ್ದೀರಲ್ಲ ಸಾರ್, ನಿದ್ದೆ ಬರಲಿಲ್ವೇ?" ಎಂದು ಉಪಚಾರಕ್ಕೆ ಕೇಳಿದ್ದೆ.

"ನಿದ್ದೆ ಎಲ್ಲಿ ಬರತ್ತೆ? ಇಲ್ಲಿ ಮಗಳ ಮನೆ ಮುಂದಿನ ಬೀದಿ ದೀಪ ವಾರದಿಂದ ಉರೀತಿಲ್ಲ. ಅರ್ಜಿ ಬರೀತಾ ಕೂತಿದೀನಿ. ಬೆಳಿಗ್ಗೆ ಮನೆ ಮನೆಗೆ ಸಹಿಗೆ ಹೋಗಿದ್ದೆ." ಸ್ವಲ್ಪ ತಡೆದು, ಎಲ್ಲಿಲ್ಲದ ಖುಷಿಯಲ್ಲಿ ಹೇಳಿದರು: "ನೋಡಿ, ಇಲ್ಲಿನ ಜನಾನೂ ನಮ್ಮೋರ ಥರಾನೇ. ನನ್ನ ಕಂಡ ತಕ್ಷಣ ಪರದೆ ಹಾಕ್ಕೋತಾರೆ."